ಗೃಹಪ್ರವೇಶಕ್ಕೂ ಮೊದಲಿನ ಹೊಗೆ

ಬೆಂಗಳೂರಿನ ಹೊರವಲಯದಲ್ಲಿ 20 ಅಂತಸ್ತಿನ ಒಂದು ವಸತಿ ಸಮುಚ್ಚಯ ಈಗಷ್ಟೇ ಎದ್ದು ನಿಂತಿದೆ ಎಂದುಕೊಳ್ಳಿ. ಬಣ್ಣ ಬಳಿದಾಗಿದೆ. ಲಿಫ್ಟಿನ ಒಳಗೋಡೆಗೆ ಹಚ್ಚಿದ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಕಿತ್ತಿಲ್ಲ. ಒಂದು ಮನೆಯಲ್ಲೂ ಹಾಲು ಉಕ್ಕಿಸಿಲ್ಲ. ಒಂದು ಫ್ಯಾನೂ ತಿರುಗಿಲ್ಲ. ಈ ಕಟ್ಟಡ ಇಷ್ಟರೊಳಗೆ ಗಾಳಿಗೆ ಎಷ್ಟು ಇಂಗಾಲ ಸೇರಿಸಿದೆ?

ಏನೂ ಇಲ್ಲ ಎಂದು ನಿಮಗನಿಸಬಹುದು. ಜನ ಬಂದು, ದೀಪ ಹಚ್ಚಿ, ಎ.ಸಿ. ಹಾಕಿದ ಮೇಲಲ್ಲವೇ ಲೆಕ್ಕ ಶುರುವಾಗುವುದು? ಅಲ್ಲ. ಲೆಕ್ಕದ ದೊಡ್ಡ ಪಾಲು ಆಗಲೇ ಮುಗಿದಿರುತ್ತದೆ. ಅದನ್ನು ವಾಪಸು ಪಡೆಯುವ ದಾರಿಯೂ ಇಲ್ಲ. ಇವತ್ತಿನ ಮಾತು ಅದರ ಬಗ್ಗೆ. ಎತ್ತರದ ಕಟ್ಟಡಗಳ ಹೊಗೆ ಎಲ್ಲಿ ಹುಟ್ಟುತ್ತದೆ, ಅದನ್ನು ಎಲ್ಲಿ ತಡೆಯಬಹುದು ಎಂಬುದರ ಬಗ್ಗೆ.

ಮೊದಲು ಸಿಮೆಂಟಿನಿಂದ ಆರಂಭಿಸೋಣ.

ಕಲಬುರಗಿ ಜಿಲ್ಲೆಯ ವಾಡಿ, ಮಳಖೇಡದ ಕಡೆ ಹೋದವರಿಗೆ ಆ ನೆಲ ಗೊತ್ತು. ನೆಲದಡಿ ಸುಣ್ಣಕಲ್ಲಿನ ಹಾಸು. ಅದನ್ನು ಅಗೆದು, ಪುಡಿಮಾಡಿ, ಜೇಡಿಯ ಜೊತೆ ಬೆರೆಸಿ, ಉದ್ದನೆಯ ತಿರುಗುವ ಕುಲುಮೆಯೊಳಗೆ ಬಿಡುತ್ತಾರೆ. ಒಳಗಿನ ಶಾಖ ಸುಮಾರು 1,450 ಡಿಗ್ರಿ. ಆಚೆ ಕಡೆಯಿಂದ ಗೋಲಿಯಂಥ ಬೂದು ಉಂಡೆಗಳು ಉರುಳಿ ಬೀಳುತ್ತವೆ. ಇವೇ ಕ್ಲಿಂಕರ್. ಇದನ್ನು ಸ್ವಲ್ಪ ಜಿಪ್ಸಂ ಜೊತೆ ನುಣ್ಣಗೆ ಬೀಸಿದರೆ ಸಿಮೆಂಟು.

ಇಲ್ಲೊಂದು ತೊಡಕಿದೆ. ಕುಲುಮೆಗೆ ಕಲ್ಲಿದ್ದಲು ಉರಿಸುವುದರಿಂದ ಹೊಗೆ ಬರುತ್ತದೆ, ಸರಿ. ಆದರೆ ಅದಕ್ಕಿಂತ ಹೆಚ್ಚು ಇಂಗಾಲ ಸುಣ್ಣಕಲ್ಲಿನ ಒಳಗಿನಿಂದಲೇ ಬರುತ್ತದೆ. ಕಲ್ಲು ಕಾದಾಗ ಒಡೆಯುತ್ತದೆ. ಸುಣ್ಣ ಉಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಇಲ್ಲಿ ಇಂಗಾಲ ಎನ್ನುತ್ತಿರುವುದು ಇದನ್ನೇ. ಹೊರಬರುವ ಒಟ್ಟು ಇಂಗಾಲದಲ್ಲಿ 100ಕ್ಕೆ ಸುಮಾರು 60 ಪಾಲು ಹೀಗೆ ಕಲ್ಲಿನದು. ಹಾಗಾಗಿ ನಾಳೆ ಕುಲುಮೆಯನ್ನು ಸೂರ್ಯನ ಶಾಖದಿಂದಲೇ ಕಾಯಿಸಿದರೂ ಈ 60 ಪಾಲು ಹೋಗುವುದಿಲ್ಲ. ಜಗತ್ತಿನ ಒಟ್ಟು ಇಂಗಾಲದ ಹೊಗೆಯಲ್ಲಿ ಸಿಮೆಂಟಿನದೇ 100ಕ್ಕೆ ಏಳೆಂಟು ಪಾಲು. ಸಿಮೆಂಟು ತಯಾರಿಕೆಯಲ್ಲಿ ಚೀನಾದ ನಂತರದ ಸ್ಥಾನ ನಮ್ಮ ದೇಶದ್ದು.

ಇನ್ನು ಉಕ್ಕು. ಸಂಡೂರಿನ ಅದಿರು ತೋರಣಗಲ್ಲಿನ ಕುಲುಮೆಗೆ ಹೋಗಿ ಕಂಬಿಯಾಗಿ ಬರುವಷ್ಟರಲ್ಲಿ, ಒಂದು ಟನ್ ಉಕ್ಕಿಗೆ ಎರಡು ಟನ್ನಿಗೂ ಹೆಚ್ಚು ಇಂಗಾಲ ಗಾಳಿ ಸೇರಿರುತ್ತದೆ.

ಈಗ ಬಾಯಿಲೆಕ್ಕ ಒಂದನ್ನು ಮಾಡೋಣ. ಬೇಕಿದ್ದರೆ ಪೆನ್ನು ಹಿಡಿಯಿರಿ. 1,200 ಚದರಡಿಯ ಒಂದು ಫ್ಲ್ಯಾಟು. ಅದರ ಪಾಲಿಗೆ ಬರುವ ಕಾಂಕ್ರೀಟು ಹೆಚ್ಚು ಕಡಿಮೆ 50 ಘನ ಮೀಟರ್. ಒಂದು ಘನ ಮೀಟರಿಗೆ ಏಳು ಮೂಟೆ ಸಿಮೆಂಟು. ಅಂದರೆ 350 ಮೂಟೆ. ಏನೂ ಬೆರೆಸದ ಸಿಮೆಂಟಾದರೆ 50 ಕಿಲೋ ಮೂಟೆಗೆ 40 ಕಿಲೋ ಇಂಗಾಲ. ಒಟ್ಟು 14 ಟನ್. ಕಂಬಿ ಐದು ಟನ್ ಹಿಡಿಯಿರಿ. ಅದರ ಲೆಕ್ಕ 11 ಟನ್. ಎರಡೂ ಸೇರಿ 25 ಟನ್. ಟೈಲ್ಸು, ಕಿಟಕಿಯ ಅಲ್ಯೂಮಿನಿಯಂ, ಗಾಜು, ಬಣ್ಣ ಇದರಲ್ಲಿ ಸೇರಿಲ್ಲ.

ಆ ಮನೆಯವರು ತಿಂಗಳಿಗೆ 200 ಯೂನಿಟ್ ವಿದ್ಯುತ್ ಬಳಸುತ್ತಾರೆ ಎನ್ನೋಣ. ನಮ್ಮ ದೇಶದಲ್ಲಿ ಒಂದು ಯೂನಿಟ್ಟಿಗೆ ಸರಾಸರಿ 700 ಗ್ರಾಂ ಇಂಗಾಲ. ವರ್ಷಕ್ಕೆ ಒಂದೂ ಮುಕ್ಕಾಲು ಟನ್ನಿನ ಒಳಗೇ ಆಯಿತು. ಅಂದರೆ ಸಿಮೆಂಟು ಮತ್ತು ಕಂಬಿಯ ಹೊಗೆ, ಆ ಸಂಸಾರದ ಸುಮಾರು 15 ವರ್ಷದ ಕರೆಂಟಿಗೆ ಸಮ. ಎಲ್.ಇ.ಡಿ. ಬಲ್ಬು ಹಾಕಿ, ಸ್ವಿಚ್ಚು ಆರಿಸಿ ಎಂದು ಮಕ್ಕಳಿಗೆ ಹೇಳುತ್ತೇವೆ. ಹೇಳಬೇಕು. ಆದರೆ ದೊಡ್ಡ ಸ್ವಿಚ್ಚು ಇರುವುದು ಕಟ್ಟಡದ ನಕ್ಷೆ ಬರೆಯುವ ಮೇಜಿನ ಮೇಲೆ.

ಈ ಲೆಕ್ಕ ನಮ್ಮ ಊರಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಶುರುವಾಯಿತು. ಹಳ್ಳಿಗೆ ವಿಜ್ಞಾನ ಒಯ್ಯುವುದು ಅದರ ಗುರಿ. ಅದು ರೂಪಿಸಿದ ಅಸ್ತ್ರ ಒಲೆಯ ಹೆಸರು ಹಿರಿಯ ಕೇಳುಗರಿಗೆ ನೆನಪಿರಬಹುದು. ಅಲ್ಲೇ ಒತ್ತಿದ ಮಣ್ಣಿನ ಇಟ್ಟಿಗೆಯ ಕೆಲಸವೂ ಬೆಳೆಯಿತು. ಅದರಲ್ಲಿ ತೊಡಗಿದ್ದ ಕೆ.ಎಸ್. ಜಗದೀಶ್ ಮತ್ತು ಬಿ.ವಿ. ವೆಂಕಟರಾಮ ರೆಡ್ಡಿ ಅವರು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ಚದರ ಮೀಟರ್ ಮನೆ ಕಟ್ಟಲು ಎಷ್ಟು ಶಕ್ತಿ ಬೇಕು ಎಂಬ ಪ್ರಶ್ನೆ. ಎಂಟು ಅಂತಸ್ತಿನ ಕಾಂಕ್ರೀಟ್ ಚೌಕಟ್ಟಿನ ಕಟ್ಟಡಕ್ಕೆ ಬಂದ ಉತ್ತರ 4.2 ಗಿಗಾಜೂಲ್. ಇಟ್ಟಿಗೆಯ ಗೋಡೆಯೇ ಭಾರ ಹೊರುವ ಎರಡು ಅಂತಸ್ತಿನ ಮನೆಗೆ 2.9. ಒತ್ತಿದ ಮಣ್ಣಿನ ಇಟ್ಟಿಗೆಯ, ಕಡಿಮೆ ಕಾಂಕ್ರೀಟಿನ ಛಾವಣಿಯ ಎರಡು ಅಂತಸ್ತಿನ ಮನೆಗೆ 1.6. ಗಿಗಾಜೂಲ್ ಎಂಬುದನ್ನು ಮರೆತುಬಿಡಿ. ಅಂಕಿಗಳ ನಡುವಿನ ಅಂತರ ನೆನಪಿಟ್ಟುಕೊಳ್ಳಿ. ಮೊದಲನೆಯದು ಕೊನೆಯದರ ಎರಡೂವರೆ ಪಟ್ಟು.

ಹಾಗಾದರೆ ಎಲ್ಲರೂ ಮಣ್ಣಿನ ಇಟ್ಟಿಗೆಯ ಎರಡಂತಸ್ತಿನ ಮನೆ ಕಟ್ಟಿಕೊಳ್ಳೋಣವೇ? ಕೋಟಿ ದಾಟಿದ ಜನಸಂಖ್ಯೆಯ ಊರಿನಲ್ಲಿ ಅದು ಆಗದ ಮಾತು. ಎಲ್ಲರೂ ಹರಡಿಕೊಂಡರೆ ಊರು ರಾಮನಗರ, ದೊಡ್ಡಬಳ್ಳಾಪುರ ದಾಟಿ ಹೋಗುತ್ತದೆ. ರಸ್ತೆ, ಪೈಪು, ತಂತಿ, ದಿನಾ ಎರಡು ಹೊತ್ತಿನ ಪೆಟ್ರೋಲು, ಇವುಗಳ ಹೊಗೆ ಕಟ್ಟಡದ ಉಳಿತಾಯವನ್ನು ನುಂಗಿಬಿಡುತ್ತದೆ. ಒತ್ತೊತ್ತಾಗಿ ಬದುಕುವುದು ಬೇಕೇಬೇಕು. ಪ್ರಶ್ನೆ ಬೇರೆ ಇದೆ. ಒತ್ತಾಗಿ ಬದುಕಲು ಎತ್ತರ ಎಷ್ಟು ಬೇಕು?

ಇದುವರೆಗೆ ಹೇಳಿದ್ದು ಇಷ್ಟು. ಇಂಗಾಲದ ದೊಡ್ಡ ಪಾಲು ಸಿಮೆಂಟು, ಕಂಬಿಯಲ್ಲಿದೆ, ಅದು ಮನೆ ತುಂಬುವ ಮೊದಲೇ ಖರ್ಚಾಗಿರುತ್ತದೆ. ಈಗ ಎತ್ತರದ ವಿಚಾರ.

ಢಾಕಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಹೆಸರು ಮಾಡಿದ ಒಬ್ಬ ಎಂಜಿನಿಯರ್ ಇದ್ದರು. ಫಜ್ಲುರ್ ಖಾನ್. ಎತ್ತರಕ್ಕೆ ನಾವು ದಂಡ ತೆರುತ್ತೇವೆ ಎಂಬುದನ್ನು ಅವರು ಲೆಕ್ಕ ಹಾಕಿ ತೋರಿಸಿದರು. ಕಟ್ಟಡ ತನ್ನ ಭಾರವನ್ನು ಹೊರಬೇಕು, ಅದು ಒಂದು. ಎತ್ತರ ಹೋದಂತೆ ಗಾಳಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ, ಇದು ಇನ್ನೊಂದು. ಎತ್ತರ ಎರಡು ಪಟ್ಟಾದರೆ ಬುಡವನ್ನು ಬಗ್ಗಿಸುವ ಬಲ ನಾಲ್ಕು ಪಟ್ಟಾಗುತ್ತದೆ. ಅದನ್ನು ತಡೆಯಲು ಕಂಬ ದಪ್ಪವಾಗಬೇಕು, ಕಂಬಿ ಹೆಚ್ಚಬೇಕು. ಹತ್ತನೇ ಅಂತಸ್ತಿನ ಮನೆಗೂ 40ನೇ ಅಂತಸ್ತಿನ ಮನೆಗೂ ಒಳಗೆ ವ್ಯತ್ಯಾಸ ಕಾಣದು. ಆದರೆ ಎರಡನೆಯದನ್ನು ಎತ್ತಿ ಹಿಡಿದ ಸಾಮಾನು ಬಹಳ.

ಖಾನ್ ಈ ದಂಡವನ್ನು ಇಳಿಸುವ ದಾರಿಯನ್ನೂ ಕಂಡುಹಿಡಿದರು. ಬಿದಿರಿನ ಗಳದ ಹಾಗೆ ಬಲವನ್ನೆಲ್ಲ ಹೊರಮೈಗೆ ತಂದರು. ಶಿಕಾಗೋದಲ್ಲಿ 1960ರ ದಶಕದ ಕೊನೆಗೆ ಎದ್ದ ಜಾನ್ ಹ್ಯಾನ್‌ಕಾಕ್ ಕಟ್ಟಡ ಅವರದು. 100 ಅಂತಸ್ತು. ಹೊರಗೋಡೆಯ ಉದ್ದಕ್ಕೂ ಇಂಗ್ಲಿಷ್ ಎಕ್ಸ್ ಅಕ್ಷರದಂತೆ ಅಡ್ಡಹಾಯ್ದ ದೈತ್ಯ ಉಕ್ಕಿನ ತೊಲೆಗಳು. ಅದರಲ್ಲಿ ಒಂದು ಚದರಡಿಗೆ ಹಿಡಿದ ಉಕ್ಕು ಸುಮಾರು 30 ಪೌಂಡ್. ಅದಕ್ಕೂ ನಾಲ್ಕು ದಶಕ ಮೊದಲಿನ, ಹೆಚ್ಚು ಕಡಿಮೆ ಅಷ್ಟೇ ಅಂತಸ್ತಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ 40 ಪೌಂಡಿಗೂ ಮೇಲೆ ಹಿಡಿದಿತ್ತು. ಒಳ್ಳೆಯ ಎಂಜಿನಿಯರ್ ಒಬ್ಬ ಕುಳಿತು ಯೋಚಿಸಿದರೆ ಕಾಲು ಭಾಗ ಉಕ್ಕು ಉಳಿಯುತ್ತದೆ. ಎಂಜಿನಿಯರರ ಸಂಭಾವನೆಯಲ್ಲಿ ಚೌಕಾಸಿ ಮಾಡುವವರು ಇದನ್ನು ಕೇಳಿಸಿಕೊಳ್ಳಲಿ.

ಕಟ್ಟಿದ ಮೇಲೂ ಎತ್ತರದ ದಂಡ ನಿಲ್ಲುವುದಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2017ರಲ್ಲಿ ಬ್ರಿಟನ್ನಿನ ಕಚೇರಿ ಕಟ್ಟಡಗಳ ವಿದ್ಯುತ್ ಲೆಕ್ಕ ನೋಡಿದರು. 20 ಅಂತಸ್ತು ಮೀರಿದವು, ಆರಂತಸ್ತಿನ ಒಳಗಿನವುಗಳಿಗಿಂತ, ಚದರ ಮೀಟರಿಗೆ ಹತ್ತಿರ ಹತ್ತಿರ ಎರಡೂವರೆ ಪಟ್ಟು ವಿದ್ಯುತ್ ತಿನ್ನುತ್ತಿದ್ದವು. ಮೇಲೆ ಹೋದಂತೆ ಗಾಳಿ ಜೋರು, ಅಕ್ಕಪಕ್ಕದ ಕಟ್ಟಡದ ನೆರಳಿಲ್ಲ, ಗೋಡೆಯೆಲ್ಲ ಬಿಸಿಲಿಗೆ ಒಡ್ಡಿರುತ್ತದೆ. ಇವೆಲ್ಲ ಕಾರಣ ಇರಬಹುದು ಎನ್ನುತ್ತಾರೆ.

ಎತ್ತರವಿಲ್ಲದೆ ಒತ್ತಾಗಿ ಬದುಕಬಹುದೇ? ಪ್ಯಾರಿಸ್ ನಗರ ನೋಡಿ. ಅಲ್ಲಿನ ಬಹುಪಾಲು ಮನೆಗಳು ಆರೇಳು ಅಂತಸ್ತಿನ ಕಟ್ಟಡಗಳಲ್ಲಿವೆ. ಆದರೂ ಒಂದು ಚದರ ಕಿಲೋಮೀಟರಿನಲ್ಲಿ ಸುಮಾರು 20,000 ಜನ. 2011ರ ಜನಗಣತಿಯಲ್ಲಿ ಬೆಂಗಳೂರಿನದು ಸುಮಾರು 12,000. ಅಷ್ಟು ದೂರ ಯಾಕೆ, ನಮ್ಮ ಚಿಕ್ಕಪೇಟೆ, ಬಳೇಪೇಟೆ, ನಗರ್ತಪೇಟೆಗಳಲ್ಲಿ ಲಿಫ್ಟೇ ಇಲ್ಲದ ಕಟ್ಟಡಗಳಲ್ಲಿ ಮನೆ, ಅಂಗಡಿ, ಗೋದಾಮು ಒಂದರ ಮೇಲೊಂದು ಕುಳಿತಿವೆ. ಗೋಪುರದ ಸುತ್ತ ಬಿಡುವ ಖಾಲಿ ಜಾಗ, ಡ್ರೈವ್‌ವೇ, ಅಗಲ ರಸ್ತೆ ಎಲ್ಲ ಸೇರಿಸಿದರೆ, 30 ಅಂತಸ್ತು ಏರಿಯೂ ನಾವು ಗಳಿಸುವ ಜನದಟ್ಟಣೆ ಅಂದುಕೊಂಡಷ್ಟಿರುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ಊರುಗಳಿಗೆ ಆರರಿಂದ ಹತ್ತು ಅಂತಸ್ತಿನ, ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದ ಕಟ್ಟಡಗಳು ಹೆಚ್ಚು ಒಪ್ಪುತ್ತವೆ. ಜಾಗದ ಬೆಲೆ ಇದನ್ನು ಒಪ್ಪುವುದಿಲ್ಲ ಎಂಬುದೂ ಗೊತ್ತು.

ಮೆಟ್ರೊ ಎಂದ ಕೂಡಲೇ ಕಾರಿನ ಮಾತು ಬಂತು. ಕಟ್ಟಡದ ಮೇಲ್ಭಾಗ ಎಲ್ಲರ ಕಣ್ಣಿಗೆ ಬೀಳುತ್ತದೆ. ನೆಲದ ಕೆಳಗೆ ಏನಿದೆ? ಎರಡು ಮೂರು ಬೇಸ್‌ಮೆಂಟು. ಮಣ್ಣನ್ನು ತಡೆಯುವ ದಪ್ಪ ಗೋಡೆ. ಅಗ್ನಿಶಾಮಕ ವಾಹನದ ಭಾರ ತಾಳುವ ಗಟ್ಟಿ ಛಾವಣಿ. ಒಂದು ಕಾರು ನಿಲ್ಲಲು, ತಿರುಗಲು, ಇಳಿಜಾರಿನಲ್ಲಿ ಬಂದುಹೋಗಲು ಎಲ್ಲ ಸೇರಿ ಸುಮಾರು 30 ಚದರ ಮೀಟರ್ ಬೇಕು. ಎರಡು ಕಾರಿಗೆ 60. ಅಂದರೆ 650 ಚದರಡಿ. ಒಂದು ಸಣ್ಣ ಸಂಸಾರ ಆರಾಮಾಗಿ ಇರುವಷ್ಟು ಕಾಂಕ್ರೀಟನ್ನು ಕಾರು ಮಲಗಲು ಕಟ್ಟಿದ್ದೇವೆ. ಲಂಡನ್ ನಗರ 2004ರಲ್ಲಿ ಒಂದು ಕೆಲಸ ಮಾಡಿತು. ಕಟ್ಟಡಕ್ಕೆ ಕನಿಷ್ಠ ಇಷ್ಟು ಪಾರ್ಕಿಂಗ್ ಇರಲೇಬೇಕು ಎಂಬ ನಿಯಮ ತೆಗೆದು, ಗರಿಷ್ಠ ಇಷ್ಟನ್ನು ಮೀರಬಾರದು ಎಂದು ಬರೆಯಿತು. ಬಸ್ಸು, ರೈಲು ಚೆನ್ನಾಗಿರುವ ಕಡೆ ಇದು ನಡೆಯುತ್ತದೆ. ಇಲ್ಲದ ಕಡೆ ಕಾರುಗಳು ರಸ್ತೆಗೆ ಬರುತ್ತವೆ. ನಮ್ಮಲ್ಲಿ ಮೆಟ್ರೊ ನಿಲ್ದಾಣದ ಪಕ್ಕದ ಕಟ್ಟಡಗಳಿಂದಲಾದರೂ ಶುರು ಮಾಡಬಹುದು.

ಸರಿ. ಎತ್ತರವನ್ನು ಮಿತಿಯಲ್ಲಿಟ್ಟೆವು, ಬೇಸ್‌ಮೆಂಟು ಕಡಿಮೆ ಮಾಡಿದೆವು. ಆಮೇಲೂ ಕಾಂಕ್ರೀಟು ಬೇಕಲ್ಲ? ಬೇಕು. ಹಾಗಾದರೆ ಕಾಂಕ್ರೀಟಿನೊಳಗಿನ ಕ್ಲಿಂಕರನ್ನೇ ಕಡಿಮೆ ಮಾಡುವುದು ಹೇಗೆ?

ಇದಕ್ಕೆ ನಮ್ಮಲ್ಲೇ ಎರಡು ಕಸಗಳಿವೆ. ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ. ತೋರಣಗಲ್ಲಿನ ಉಕ್ಕಿನ ಕುಲುಮೆಯಿಂದ ಬರುವ ಕಿಟ್ಟ, ಅಂದರೆ ಸ್ಲ್ಯಾಗ್. ಎರಡಕ್ಕೂ ಸಿಮೆಂಟಿನ ಜೊತೆ ಸೇರಿ ಗಟ್ಟಿಯಾಗುವ ಗುಣವಿದೆ. ಅಂಗಡಿಯಲ್ಲಿ ಪಿಪಿಸಿ ಎಂದು ಸಿಗುವ ಸಿಮೆಂಟಿನಲ್ಲಿ 100ಕ್ಕೆ 35 ಪಾಲಿನವರೆಗೆ ಹಾರುಬೂದಿ ಬೆರೆಸಲು ಅನುಮತಿ ಇದೆ. ಸ್ಲ್ಯಾಗ್ ಸಿಮೆಂಟಿನಲ್ಲಿ ಸ್ಲ್ಯಾಗ್ 70 ಪಾಲಿನವರೆಗೂ ಹೋಗಬಹುದು. ಮೂರನೆಯದೊಂದು ಈಚೆಗೆ ಬಂದಿದೆ. ಹೆಸರು ಎಲ್‌ಸಿ3. ಸ್ವಿಟ್ಜರ್ಲೆಂಡ್, ಕ್ಯೂಬಾ ಮತ್ತು ನಮ್ಮ ಐಐಟಿಗಳ ವಿಜ್ಞಾನಿಗಳು ಸೇರಿ ರೂಪಿಸಿದ್ದು. ಕ್ಲಿಂಕರ್ ಅರ್ಧ ಮಾತ್ರ. ಉಳಿದದ್ದು ಸುಟ್ಟ ಜೇಡಿ, ಸುಡದ ಸುಣ್ಣಕಲ್ಲಿನ ಪುಡಿ ಮತ್ತು ಚೂರು ಜಿಪ್ಸಂ. ಜೇಡಿಯನ್ನು ಸುಡಲು 800 ಡಿಗ್ರಿಯ ಆಸುಪಾಸು ಸಾಕು, ಅದು ಕಲ್ಲಿನಂತೆ ಇಂಗಾಲ ಬಿಡುವುದೂ ಇಲ್ಲ. ಒಟ್ಟಾರೆ ಮೂರನೇ ಒಂದು ಭಾಗಕ್ಕೂ ಮಿಕ್ಕಿ ಹೊಗೆ ಇಳಿಯುತ್ತದೆ. ಭಾರತೀಯ ಮಾನಕ ಬ್ಯೂರೋ 2023ರಲ್ಲಿ ಇದಕ್ಕೂ ಮಾನದಂಡ ಹೊರಡಿಸಿದೆ.

ಇಷ್ಟಿದ್ದೂ ದೊಡ್ಡ ಕಟ್ಟಡಗಳಲ್ಲಿ ಇವು ಯಾಕೆ ಹಿಂದೆ ಬೀಳುತ್ತವೆ? ಕಾರಣ ಒಂದು ಅಂಕಿ. ಕಾಂಕ್ರೀಟು ಹಾಕಿದ 28 ದಿನಕ್ಕೆ ಅದರ ಬಲ ಪರೀಕ್ಷಿಸುವುದು ಹಳೆಯ ರೂಢಿ. ಬೂದಿ, ಸ್ಲ್ಯಾಗ್ ಬೆರೆಸಿದ ಕಾಂಕ್ರೀಟು ನಿಧಾನಸ್ಥ. ಬಲ ಬರುತ್ತದೆ, ಆದರೆ ತಡವಾಗಿ. ಹಾಗಾಗಿ 28 ದಿನದ ಪರೀಕ್ಷೆಯಲ್ಲಿ ಪಾಸಾಗಲೆಂದು ಹೆಚ್ಚು ಸಿಮೆಂಟು ಸುರಿಯುತ್ತಾರೆ. ಈಗ ಯೋಚಿಸಿ. 20 ಅಂತಸ್ತಿನ ಕಟ್ಟಡದ ನೆಲಮಟ್ಟದ ಕಂಬಕ್ಕೆ ಪೂರ್ತಿ ಭಾರ ಬೀಳುವುದು ಯಾವಾಗ? ಮೇಲಿನ ಅಂತಸ್ತುಗಳೆಲ್ಲ ಎದ್ದು, ಜನ ಮಂಚ ಬೀರು ಸಮೇತ ಬಂದ ಮೇಲೆ. ಅದಕ್ಕೆ ಎರಡು ವರ್ಷ ಇದೆ. ಬುನಾದಿಗೆ, ಕೆಳಗಿನ ಕಂಬಗಳಿಗೆ 56 ದಿನದ ಬಲ ಸಾಕು ಎಂದು ಎಂಜಿನಿಯರ್ ನಕ್ಷೆಯಲ್ಲಿ ಬರೆದರೆ ಸಿಮೆಂಟು ತಾನಾಗಿ ಇಳಿಯುತ್ತದೆ. ಕ್ಯೂರಿಂಗ್, ಅಂದರೆ ಕಾಂಕ್ರೀಟಿಗೆ ನೀರುಣಿಸುವ ಕೆಲಸ, ಮಾತ್ರ ಶ್ರದ್ಧೆಯಿಂದ ಆಗಬೇಕು. ಗೋಣಿತಾಟು ಹೊದಿಸಿ ಎರಡು ದಿನ ನೀರು ಹೊಡೆದು ಬಿಟ್ಟರೆ ಬೂದಿಯ ಕಾಂಕ್ರೀಟು ಕೈಕೊಡುತ್ತದೆ. ದೂರು ಬೂದಿಯ ಮೇಲೆ ಬರುತ್ತದೆ.

ಸಿಮೆಂಟಿನ ಮಾತು ಸಾಕು. ಈಗ ಗೋಡೆ ಮತ್ತು ಕಿಟಕಿಗೆ ಬರೋಣ. ಇವು ಕಟ್ಟುವಾಗಲೂ ಇಂಗಾಲ ಖರ್ಚು ಮಾಡುತ್ತವೆ, ಆಮೇಲೆ ಪ್ರತಿ ಬೇಸಿಗೆಯಲ್ಲೂ ಖರ್ಚು ಮಾಡಿಸುತ್ತವೆ.

ಇತ್ತೀಚೆಗೆ ಅನೇಕ ಕಡೆ ಇಟ್ಟಿಗೆಯೇ ಇಲ್ಲ. ಅಲ್ಯೂಮಿನಿಯಂ ಅಚ್ಚು ಕಟ್ಟಿ ಗೋಡೆ, ಛಾವಣಿ ಎರಡನ್ನೂ ಒಟ್ಟಿಗೆ ಕಾಂಕ್ರೀಟಿನಲ್ಲಿ ಎರಕ ಹೊಯ್ಯುತ್ತಾರೆ. ಮೈವಾನ್ ಎಂದು ಕರೆಯುತ್ತಾರಲ್ಲ, ಅದೇ. ಕೆಲಸ ಬೇಗ ಮುಗಿಯುತ್ತದೆ, ಗಾರೆಯ ಖರ್ಚೂ ಉಳಿಯುತ್ತದೆ. ಆದರೆ ಆರಂಗುಲದ ಕಾಂಕ್ರೀಟು ಗೋಡೆ, ಒಳಗೆ ಗಾಳಿಗುಳ್ಳೆಗಳಿರುವ ಎಂಟಂಗುಲದ ಹಗುರ ಎಎಸಿ ಬ್ಲಾಕಿನ ಗೋಡೆಗಿಂತ ನಾಲ್ಕು ಪಟ್ಟು ಸಲೀಸಾಗಿ ಬಿಸಿಯನ್ನು ಒಳಗೆ ಬಿಡುತ್ತದೆ. ಪಡುವಣದ ಗೋಡೆಯ ಮನೆಯವರಿಗೆ ಇದು ರಾತ್ರಿ ಹತ್ತು ಗಂಟೆಗೆ ಗೊತ್ತಾಗುತ್ತದೆ. ಕಿಟಕಿಯ ಮೇಲಿನ ಸಜ್ಜಾ ಕೂಡ ಮಾಯವಾಗಿದೆ. ಹೊರಗೆ ಚಾಚಿದ ಎರಡಡಿ ಸಜ್ಜಾ ಮಳೆಯನ್ನೂ ತಡೆಯುತ್ತಿತ್ತು, ಮಧ್ಯಾಹ್ನದ ಬಿಸಿಲನ್ನೂ ತಡೆಯುತ್ತಿತ್ತು. ಈಗ ನೆಲದಿಂದ ಸೂರಿನವರೆಗೆ ಗಾಜು. ಜಾರುವ ಕಿಟಕಿಯಾದ್ದರಿಂದ ಅರ್ಧ ಮಾತ್ರ ತೆರೆಯುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಊರಿನಲ್ಲಿ, ಸಂಜೆಯ ಗಾಳಿ ಪುಕ್ಕಟೆ ಸಿಗುವಲ್ಲಿ, ಎ.ಸಿ. ಮಾರಾಟವಾಗುವುದು ಹೀಗೆ.

ಬೇರೆ ದಾರಿಯೂ ಇದೆ. ಗುಜರಾತಿನ ರಾಜಕೋಟಿನಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಸ್ಮಾರ್ಟ್ ಘರ್ ಎಂಬ ಬಡವರ ವಸತಿ ಕಟ್ಟಿದ್ದಾರೆ. ಏಳು ಅಂತಸ್ತಿನ ಕಟ್ಟಡಗಳು, ಸುಮಾರು 1,200 ಮನೆ. ಭಾರತ, ಸ್ವಿಟ್ಜರ್ಲೆಂಡ್ ತಜ್ಞರು ಕೂಡಿ ಮಾಡಿದ ವಿನ್ಯಾಸ. ಹೊರಗೋಡೆಗೆ ಎಎಸಿ ಬ್ಲಾಕು. ಕಿಟಕಿಗೆ ಪೂರ್ತಿ ತೆರೆಯುವ ಬಾಗಿಲು, ಅದರಲ್ಲೂ ಗಾಜು ಸ್ವಲ್ಪವೇ, ಉಳಿದದ್ದು ಗಾಜಿಲ್ಲದ ಹಲಗೆ. ಮನೆಗಳ ನಡುವೆ ಮೇಲಿನವರೆಗೆ ಹೋಗುವ ಗಾಳಿಗಂಡಿ, ತಾರಸಿಯ ಮೇಲೆ ಗಾಳಿ ಎಳೆಯುವ ವ್ಯವಸ್ಥೆ. ಬೇಸಿಗೆಯ ನಡುಮಧ್ಯಾಹ್ನ ಕೋಣೆಯ ಬಿಸಿ ಸುಮಾರು 5 ಡಿಗ್ರಿ ಇಳಿಯುವಂಥ ವಿನ್ಯಾಸ. ಕೋಟಿ ಬೆಲೆಯ ನಮ್ಮ ಫ್ಲ್ಯಾಟುಗಳಲ್ಲಿ ಇಲ್ಲದ ಬುದ್ಧಿ ಅಲ್ಲಿ ಖರ್ಚಾಗಿದೆ.

ಗೋಡೆ, ಕಿಟಕಿ ಆಯಿತು. ಇನ್ನು ನೀರು. ನೀರಿಗೂ ಇಂಗಾಲಕ್ಕೂ ಏನು ನಂಟು ಎನ್ನಬೇಡಿ.

ಬೆಂಗಳೂರಿನ ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಬರುತ್ತದೆ. ಸುಮಾರು 100 ಕಿಲೋಮೀಟರ್ ದಾರಿ. ಅದಕ್ಕಿಂತ ಮುಖ್ಯ, 500 ಮೀಟರ್ ಏರು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪು ಮಾಡಿ ಮೇಲೆತ್ತುತ್ತಾರೆ. ನಾಲ್ಕು ಜನರ ಮನೆ ದಿನಕ್ಕೆ 540 ಲೀಟರ್ ಬಳಸಿದರೆ, ಆ ನೀರು ಊರಿಗೆ ಬರಲೇ ಸುಮಾರು ಒಂದು ಯೂನಿಟ್ ವಿದ್ಯುತ್ ಬೇಕು. ಅದು ನಿಮ್ಮ ಮನೆಯ ಬಿಲ್ಲಿನಲ್ಲಿ ಕಾಣುವುದಿಲ್ಲ. ಸಂಪಿನಿಂದ 20ನೇ ಅಂತಸ್ತಿಗೆ ಏರಿಸುವುದು ಇನ್ನೊಂದು 60 ಮೀಟರ್. ಹೋಲಿಸಿದರೆ ಅದು ಸಣ್ಣದು. ಹಾಗಾಗಿ ನಲ್ಲಿ ಬಿಗಿ ಮಾಡಿದರೆ ಇಂಗಾಲವೂ ಉಳಿಯುತ್ತದೆ. 2024ರ ಬೇಸಿಗೆಯ ಬರದಲ್ಲಿ ಜಲಮಂಡಳಿ ಅಪಾರ್ಟ್‌ಮೆಂಟುಗಳ ನಲ್ಲಿಗಳಿಗೆ, ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಏರೇಟರ್ ಕಡ್ಡಾಯ ಮಾಡಿತ್ತು. ಮಳೆ ಬಂತೆಂದು ಅದನ್ನು ಬಿಚ್ಚಿಟ್ಟವರು ಮತ್ತೆ ಹಾಕಿಕೊಳ್ಳಬಹುದು.

ಕೊನೆಯದಾಗಿ ಒಂದು ವಿಚಾರ. ಇಷ್ಟು ಹೊತ್ತು ಇನ್ನೂ ಕಟ್ಟಬೇಕಾದ ಕಟ್ಟಡಗಳ ಬಗ್ಗೆಯೇ ಹೆಚ್ಚು ಮಾತಾಡಿದೆ. ಈಗಾಗಲೇ ಫ್ಲ್ಯಾಟಿನಲ್ಲಿ ಇರುವವರು ಏನು ಮಾಡಬೇಕು? ಕೆಡವಿ ಹೊಸದು ಕಟ್ಟಿ ಎಂದು ನಾನು ಹೇಳುವುದಿಲ್ಲ. ಖರ್ಚಾಗಿಹೋದ 25 ಟನ್ನನ್ನು ಇನ್ನೊಮ್ಮೆ ಖರ್ಚು ಮಾಡಿದಂತಾಗುತ್ತದೆ.

ಆಗಲೇ ಹೇಳಿದ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ವಾಪಸು ಹೋಗಿ. ಅದು 1931ರದು. 2009ರ ಸುಮಾರಿಗೆ ಅದರ ದುರಸ್ತಿ ಆರಂಭವಾಯಿತು. 6,500 ಕಿಟಕಿಗಳನ್ನು ಎಸೆಯಲಿಲ್ಲ. ಕಟ್ಟಡದ ಒಂದು ಅಂತಸ್ತಿನಲ್ಲೇ ಕಾರ್ಖಾನೆ ಹೂಡಿದರು. ಇದ್ದ ಗಾಜುಗಳನ್ನೇ ಕಳಚಿ, ತೊಳೆದು, ನಡುವೆ ತೆಳು ಹಾಳೆ ಸೇರಿಸಿ, ಅನಿಲ ತುಂಬಿ ಮತ್ತೆ ಕೂರಿಸಿದರು. ಒಳಗೆ ಬರುವ ಬಿಸಿ ತಗ್ಗಿತು. ತಂಪು ಮಾಡುವ ದೊಡ್ಡ ಯಂತ್ರಗಳನ್ನು ಹೊಸದಾಗಿ ಕೊಳ್ಳುವ ಖರ್ಚು ತಪ್ಪಿತು, ಹಳೆಯವನ್ನೇ ಸರಿಪಡಿಸಿದರೆ ಸಾಕಾಯಿತು. ಒಟ್ಟು ಶಕ್ತಿಯ ಬಳಕೆ ಹತ್ತಿರ ಹತ್ತಿರ 100ಕ್ಕೆ 40 ಪಾಲು ಇಳಿಯಿತು. ಮೊದಲು ಬಿಸಿ ತಡೆದು, ಆಮೇಲೆ ಯಂತ್ರದ ಮಾತು. ಈ ಕ್ರಮ ಮುಖ್ಯ.

ನಮ್ಮ ಅಪಾರ್ಟ್‌ಮೆಂಟುಗಳಿಗೆ ಇದು ಹೀಗೆ ಒಗ್ಗುತ್ತದೆ. ಪಡುವಣ ಕಿಟಕಿಗೆ ಒಳಗಿನ ಪರದೆಗಿಂತ ಹೊರಗಿನ ಬಿದಿರು ತಟ್ಟಿ ಒಳ್ಳೆಯದು. ಬಿಸಿಲನ್ನು ಗಾಜು ದಾಟುವ ಮೊದಲೇ ನಿಲ್ಲಿಸಬೇಕು. ಬಾಲ್ಕನಿಗೆ ಅಂಥದ್ದು ಹಾಕಬಾರದು ಎಂಬ ನಿವಾಸಿಗಳ ಸಂಘದ ನಿಯಮವಿದ್ದರೆ ಸಂಘವೇ ಒಂದು ಮಾದರಿ ಆರಿಸಿ ಎಲ್ಲರಿಗೂ ಒಪ್ಪಿಸಬಹುದು. ಬೇಸ್‌ಮೆಂಟಿನ ಹೊಗೆ ಹೊರಹಾಕುವ ಫ್ಯಾನುಗಳು ಹಗಲೂ ರಾತ್ರಿ ತಿರುಗುತ್ತಿದ್ದರೆ, ಗಾಳಿ ಕೆಟ್ಟಾಗ ಮಾತ್ರ ತಿರುಗುವಂತೆ ಸೆನ್ಸರ್ ಹಾಕಿಸಬಹುದು. ಕೊಳಚೆ ನೀರು ಶುದ್ಧ ಮಾಡುವ ಘಟಕದ ಬ್ಲೋವರ್, ಹಳೆಯ ಪಂಪು, ಇವು ಕರೆಂಟು ನುಂಗುವ ಜಾಗಗಳು. ತಾರಸಿಯ ಸೋಲಾರ್ ಫಲಕಗಳ ಬಗ್ಗೆ ಅತಿ ಆಸೆ ಬೇಡ. 80 ಮನೆಗೆ ಒಂದೇ ತಾರಸಿ. 10 ಚದರ ಮೀಟರ್ ಜಾಗದಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಸಿಗುತ್ತದೆ. ಮನೆಗಳಿಗೆ ಸಾಲದು. ಲಿಫ್ಟು, ಪಂಪು, ಮೆಟ್ಟಿಲ ದೀಪಕ್ಕೆ ಒಳ್ಳೆಯ ಆಸರೆಯಾಗುತ್ತದೆ.

ಮುಂದಿನ ಸಂಘದ ಸಭೆಗೆ ಕಳೆದ ಒಂದು ವರ್ಷದ ಲಿಫ್ಟು, ಪಂಪುಗಳ ಸಾಮೂಹಿಕ ಮೀಟರಿನ ಬಿಲ್ಲುಗಳನ್ನು ಹಿಡಿದುಕೊಂಡು ಹೋಗಿ. ನಾಯಿ ಓಡಾಡಿಸುವ ಜಾಗ, ಗೋಡೆಯ ಬಣ್ಣ, ವಿಸಿಟರ್ ಪಾರ್ಕಿಂಗ್ ಜಗಳ ಎಲ್ಲ ಮುಗಿದ ಮೇಲಾದರೂ ಸರಿ, ಅದಕ್ಕೆಂದು ಹತ್ತು ನಿಮಿಷ ಕೇಳಿ ಪಡೆಯಿರಿ.